ಮಡ್ಡಿ ಹಸಿರಾಗುವ ಮುನ್ನ

ವಿಜಯಪುರದ ಚಿತ್ರ ಎಂದರೆ ಗೋಲಗುಂಬಜ್. ಕ್ಯಾಲೆಂಡರಿನಲ್ಲೂ ಅದೇ, ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೂ ಅದೇ. ಊರು ದಾಟಿ ತಿಕೋಟಾ ಕಡೆ ಹೊರಟರೆ ಕಾಣುವ ನೆಲ ಮಾತ್ರ ಕ್ಯಾನ್ವಾಸಿಗೆ ಬರುವುದು ಅಪರೂಪ. ಶಾಲೆ ಮಕ್ಕಳಿಗೆ ನಿಸರ್ಗ ಚಿತ್ರ ಬರೆಯಿರಿ ಎಂದರೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಡಕ್ಕೊಂದು ತೆಂಗಿನಮರ. ಕಿಟಕಿಯಾಚೆ ಇರುವುದು ಮಡ್ಡಿ, ಜಾಲಿ, ಬಿರುಕು ಬಿಟ್ಟ ಎರೆಹೊಲ.

ಇದು ಮರುಭೂಮಿಯಲ್ಲ, ನಿಜ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯ ಲೆಕ್ಕವಿದೆ, ಬಿದ್ದರೆ. ಬೆಟ್ಟ ಎನ್ನುವಂಥದ್ದೂ ಇಲ್ಲ. ಲಾವಾ ಪದರಪದರವಾಗಿ ಹೆಪ್ಪುಗಟ್ಟಿ ಉಳಿದ ಚಪ್ಪಟೆ ತಲೆಯ ದಿನ್ನೆಗಳು. ಆದರೂ ತೈಲವರ್ಣದ ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ಬರಡು ನೆಲಕ್ಕೆ ಬಣ್ಣವಿಲ್ಲ ಎನ್ನಿಸುವುದು ಗಾಡಿಯಲ್ಲಿ ಹಾದುಹೋಗುವವರಿಗೆ. ಕೂತು ನೋಡಿದರೆ ಗರಸಿನ ಕೆಂಪು ಮುಂಜಾನೆ ಒಂದು, ಇಳಿಹೊತ್ತಿಗೆ ಇನ್ನೊಂದು. ಕರಿಗಲ್ಲಿನ ನೆರಳಿನಲ್ಲಿ ಆಕಾಶದ ನೀಲಿ ಸೇರಿರುತ್ತದೆ. ಅಲ್ಲಿಗೆ ಟ್ಯೂಬಿನ ಕಪ್ಪು ಬಳಿದರೆ ನೆರಳು ಸತ್ತಂತೆಯೇ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿ ಆ ಕಪ್ಪನ್ನು ತರಬೇಕು. ದೂರದ ದಿನ್ನೆ ಮಲೆನಾಡಿನ ಬೆಟ್ಟದಂತೆ ನೀಲಿಯಾಗುವುದಿಲ್ಲ. ಬೇಸಿಗೆಯ ಧೂಳಿನಲ್ಲಿ ಹಳದಿಗಟ್ಟಿ ಬಿಳಚಿಕೊಳ್ಳುತ್ತದೆ. ಇಷ್ಟು ಸೂಕ್ಷ್ಮ ಹಿಡಿಯಲು ಜಲವರ್ಣ ಪುರಸೊತ್ತು ಕೊಡುವುದಿಲ್ಲ, ಏಪ್ರಿಲ್ ಬಿಸಿಲಿಗೆ ಬಳಿದ ಮರುಕ್ಷಣ ಆರುತ್ತದೆ. ತೈಲವರ್ಣ ದಿನಗಟ್ಟಲೆ ಹಸಿಯಾಗಿರುತ್ತದೆ. ಅದರೊಳಗಿನ ಅಗಸೆ ಎಣ್ಣೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಹೌದು, ರೊಟ್ಟಿಯ ಜೊತೆ ಹಿಂಡಿಯಾಗಿ ತಾಟಿಗೆ ಬೀಳುವ ಅದೇ ಅಗಸೆ.

ಪಶ್ಚಿಮದ ಕುಂಚವೂ ಇಲ್ಲಿಗೆ ಹೊಸದಲ್ಲ. ಹಾಲೆಂಡಿನ ಹಾರ್ಲೆಮ್‌ನ ಚಿತ್ರಕಾರ ಕೊರ್ನೆಲಿಸ್ ಹೇಡಾ 1610ರ ಸುಮಾರಿಗೆ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನ ಸೇರಿ, 1622ರಲ್ಲಿ ಸಾಯುವವರೆಗೂ ಅಲ್ಲೇ ಉಳಿದ. ಸುಲ್ತಾನನಿಗೆ ಆತ ಬರೆದುಕೊಟ್ಟದ್ದು ರೋಮನ್ ದೇವತೆಗಳನ್ನು. ಒಣ ನೆಲಕ್ಕೆ ಅಂದು ಆ ಭಾಗ್ಯ ಬರಲಿಲ್ಲ ಎಂದರೆ ಅಚ್ಚರಿಯೇನಿಲ್ಲ, ಆದರೆ ಇಂದಿಗೂ ಬರದಿದ್ದರೆ ಹೇಗೆ?

ಅಮೆರಿಕದ ಜಾರ್ಜಿಯಾ ಓ'ಕೀಫ್ ನ್ಯೂ ಮೆಕ್ಸಿಕೋದ ಒಣಸೀಮೆಯಲ್ಲಿ ಫೋರ್ಡ್ ಕಾರನ್ನೇ ಸ್ಟುಡಿಯೋ ಮಾಡಿಕೊಂಡು, ಮುಂದಿನ ಸೀಟು ಹಿಂದಕ್ಕೆ ತಿರುಗಿಸಿ, ಬಿಸಿಲು ತಪ್ಪಿಸಿಕೊಂಡು ಚಿತ್ರ ಬರೆದರು. ಪೆಡರ್ನಲ್ ಎಂಬ ಚಪ್ಪಟೆ ತಲೆಯ ಒಂದೇ ಗುಡ್ಡವನ್ನು ಮತ್ತೆಮತ್ತೆ ಬರೆದರು. 1949ರಲ್ಲಿ ಆ ಸೀಮೆಗೇ ಬಂದು ನೆಲೆಸಿದರು. ಇಂದು ಆ ಗುಡ್ಡ ನೋಡಲೆಂದೇ ಜನ ಹೋಗುತ್ತಾರೆ.

ಇಲ್ಲಿ ತಡಮಾಡಲು ಹೊತ್ತಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ದಿನ್ನೆ ಹತ್ತಿದೆ. ಜಾಲಿ ಬೆಳೆದಲ್ಲಿ ದ್ರಾಕ್ಷಿ ಪಡ ಎದ್ದು, ಪಕ್ಕದಲ್ಲೇ ಒಣದ್ರಾಕ್ಷಿಯ ಶೆಡ್ಡು ಬರುತ್ತಿವೆ. ರೈತ ತಲೆಮಾರುಗಳಿಂದ ಬೇಡಿದ್ದೂ ಇದನ್ನೇ. ಚಿತ್ರಕ್ಕೆ ಚೆಂದವೆಂದು ಬರಗಾಲ ಬಯಸುವ ರಸಿಕತೆ ಯಾರಿಗೂ ಬೇಡ. ಆದರೆ ನೀರು ಬರುವ ಮೊದಲು ಈ ನೆಲ ಹೇಗಿತ್ತು ಎಂದು ಮೊಮ್ಮಕ್ಕಳು ಕೇಳಿದರೆ ತೋರಿಸಲು ಮೊಬೈಲಿನ ನಾಲ್ಕು ಫೋಟೋ ಸಾಲದು.

ತಿಕೋಟಾ, ಬಬಲೇಶ್ವರ ಎರಡೂ ಈಗ ತಾಲ್ಲೂಕು ಕೇಂದ್ರಗಳು. ಅಲ್ಲಿನ ಕಚೇರಿಗಳ ಗೋಡೆಗೆ ಪೇಟೆಯ ಪೋಸ್ಟರು ತರುವ ಬದಲು, ಬೇಸಿಗೆಯಲ್ಲೊಂದು ಶಿಬಿರ ಮಾಡಿ, ಜಿಲ್ಲೆಯ ಕಲಾವಿದರಿಂದ ಅದೇ ತಾಲ್ಲೂಕಿನ ಮಡ್ಡಿ ಬರೆಸಿ ಕೊಳ್ಳಲಿ. ಶಾಲು, ಹಾರದ ಖರ್ಚು ಕಡಿತವಾದರೂ ಸರಿ, ಚಿತ್ರದ ಬೆಲೆಯಲ್ಲಿ ಮಾತ್ರ ಚೌಕಾಸಿ ಬೇಡ.