ಸಾವಯವ ಸೌರಕೋಶಗಳ ಅಣುವಿನ್ಯಾಸ

ಸಾವಯವ ಸೌರಕೋಶವು ಸಿಲಿಕಾನಿನ ಬದಲು ಇಂಗಾಲದ ಸಂಯುಕ್ತಗಳಿಂದ ಬೆಳಕನ್ನು ಹೀರಿ ವಿದ್ಯುತ್ತನ್ನು ಉತ್ಪಾದಿಸುವ ಸಾಧನವಾಗಿದೆ. ಇದರ ದಕ್ಷತೆಯು ಬಹುಮಟ್ಟಿಗೆ ಆ ಅಣುಗಳ ರಚನೆಯನ್ನು ಅವಲಂಬಿಸಿದೆ.

ಕಾರ್ಯವಿಧಾನ

ಬೆಳಕು ತಗುಲಿದಾಗ ಎಲೆಕ್ಟ್ರಾನ್ ಹಾಗೂ ಅದು ತೆರವು ಮಾಡಿದ ರಂಧ್ರ ಪರಸ್ಪರ ಬಂಧಿತವಾಗಿಯೇ ಇರುತ್ತವೆ. ಇವನ್ನು ಬೇರ್ಪಡಿಸಲು ಎಲೆಕ್ಟ್ರಾನ್ ನೀಡುವ ‘ದಾನಿ’ ಮತ್ತು ಅದನ್ನು ಪಡೆಯುವ ‘ಗ್ರಾಹಿ’ ಎಂಬ ಎರಡು ವಸ್ತುಗಳು ಅಗತ್ಯ. ಅಣುವಿನ ಶಕ್ತಿ ಅಂತರವನ್ನು ಕಿರಿದಾಗಿಸಿದರೆ ಅದು ಹೆಚ್ಚು ಬೆಳಕನ್ನು ಹೀರುತ್ತದೆ. ಆದರೆ ಕೋಶದ ವೋಲ್ಟೇಜ್ ಕುಗ್ಗುತ್ತದೆ. ಈ ಎರಡನ್ನೂ ಸರಿದೂಗಿಸುವುದೇ ವಿನ್ಯಾಸಕಾರರ ಮುಖ್ಯ ಸಮಸ್ಯೆ.

ಬೆಳವಣಿಗೆ

1986ರಲ್ಲಿ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಪ್ರಕಟಿಸಿದ ಎರಡು ಪದರಗಳ ಕೋಶದ ದಕ್ಷತೆ ಸುಮಾರು ಶೇ. 1 ಆಗಿತ್ತು. ಮುಂದೆ ದೀರ್ಘಕಾಲ ಗ್ರಾಹಿಯಾಗಿ ಬಳಕೆಯಾದ ಫುಲರೀನ್ ಸಂಯುಕ್ತಗಳು ದೃಗ್ಗೋಚರ ಬೆಳಕನ್ನು ಅಲ್ಪವಾಗಿ ಹೀರುತ್ತಿದ್ದವು. 2019ರಲ್ಲಿ ಚೀನಾದ ಸಂಶೋಧಕರು ಪ್ರಕಟಿಸಿದ ‘ವೈ6’ ಎಂಬ ಅಣು ಸಮೀಪದ ಅವಗೆಂಪು ಕಿರಣಗಳನ್ನೂ ಹೀರಿ, ಶೇ. 15.7ರಷ್ಟು ದಕ್ಷತೆಯನ್ನು ಸಾಧಿಸಿತು. ಇದೇ ಬಗೆಯ ಅಣುಗಳಿಂದ ಪ್ರಯೋಗಾಲಯದ ದಕ್ಷತೆ ಈಗ ಶೇ. 19ನ್ನು ದಾಟಿದೆ.

ಪ್ರಸ್ತುತ ಸ್ಥಿತಿ

ಇಂತಹ ದಾಖಲೆಗಳು ಹೆಚ್ಚಾಗಿ 1 ಚದರ ಸೆಂಟಿಮೀಟರಿಗಿಂತಲೂ ಚಿಕ್ಕ ಕೋಶಗಳಿಗೆ ಸೇರಿದವು. ಹಾಳೆಯಂತೆ ಬಾಗುವುದು, ಮುದ್ರಣ ವಿಧಾನದಿಂದ ತಯಾರಿಸಬಹುದಾಗಿರುವುದು ಇವುಗಳ ಗುಣಗಳು. ಆದರೆ ಆಮ್ಲಜನಕ, ಶಾಖ ಮತ್ತು ನೇರಳಾತೀತ ಕಿರಣಗಳಿಂದ ಅಣುಗಳು ಶಿಥಿಲವಾಗುತ್ತವೆ. ಹಲವು ಹಂತಗಳ ಸಂಶ್ಲೇಷಣೆಯಿಂದ ವೆಚ್ಚವೂ ಏರುತ್ತದೆ. ಸಿಲಿಕಾನ್ ಫಲಕಗಳು ಸಾಮಾನ್ಯವಾಗಿ 25 ವರ್ಷಗಳ ಖಾತರಿಯೊಂದಿಗೆ ದೊರೆಯುತ್ತಿರುವಾಗ, ಬಾಳಿಕೆ ಮತ್ತು ಬೆಲೆಯನ್ನು ಬದಿಗಿಟ್ಟು ದಕ್ಷತೆಯೊಂದನ್ನೇ ಪ್ರಗತಿಯ ಅಳತೆಗೋಲಾಗಿ ಪರಿಗಣಿಸುವುದು ಸಮರ್ಪಕವಲ್ಲ.