ಗೌಂಡಿಯ ನೂಲು, ಮಂತ್ರಿಯ ಗೆರೆ

ನಮ್ಮ ದೊಡ್ಡಪ್ಪ ಗೌಂಡಿ. ಮಳೆ ಕೈಕೊಟ್ಟ ಒಂದು ವರ್ಷ ಗದಗ ಕಡೆಯ ಒಣಬೇಸಾಯ ಬಿಟ್ಟು ಗೋವಾದ ಬಸ್ಸು ಹತ್ತಿದವನು, ಇಪ್ಪತ್ತು ವರ್ಷ ಅಲ್ಲೇ ಕಂಡವರ ಗೋಡೆ ಕಟ್ಟಿದ. ಅವನ ಚೀಲದಲ್ಲಿ ಇರುತ್ತಿದ್ದದ್ದು ಕರಣಿ, ರಸಮಟ್ಟ, ತೂಗುಗುಂಡು, ಒಂದು ಉಂಡೆ ನೂಲು. "ನೂಲು ಕಟ್ಟಿದ ಮ್ಯಾಲ ಮಾಲಕ ಬಂದ್ರೂ ಸರಸಂಗಿಲ್ಲ, ಮಂತ್ರಿ ಬಂದ್ರೂ ಸರಸಂಗಿಲ್ಲ. ನೂಲು ಸರದ್ರ ಗ್ವಾಡಿ ಬೀಳತೈತಿ" ಅನ್ನುತ್ತಿದ್ದ.

ಪಾಪ, ಅವನಿಗೇನು ಗೊತ್ತು. ಅವನು ಗೋಡೆ ಕಟ್ಟಿದ ನೆಲದಲ್ಲಿ ಸರಕಾರದ್ದೂ ಒಂದು ನೂಲಿತ್ತು. ಮಾಲಕ ಬಂದರೆ ಅದು ಸರಿಯುತ್ತಿತ್ತು. ಕೋಟಿ ಇದ್ದ ಮಾಲಕ ಬಂದರೆ ಓಡುತ್ತಿತ್ತು.

ಕಡಲಿಗೂ ಕಟ್ಟಡಕ್ಕೂ ನಡುವೆ ಈ ದೇಶ ಎಳೆದ ಗೆರೆಯ ಕತೆ ಕೇಳಿ. 1981ರಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು: ಉಬ್ಬರದ ಗೆರೆಯಿಂದ 500 ಮೀಟರಿನೊಳಗೆ ಕಟ್ಟಡ ಬೇಡ. ಹತ್ತು ವರ್ಷದ ಮೇಲೆ, 1991ರ ಫೆಬ್ರವರಿಯಲ್ಲಿ, ಪತ್ರ ಹೋಗಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ಅದೇ ಸಿಆರ್‌ಝಡ್. ಹಳ್ಳಿಗಾಡಿನ ತೀರದಲ್ಲಿ ಮೊದಲ 200 ಮೀಟರ್ ಮುಟ್ಟಬೇಡಿ ಎಂದಿತು. 2019ರ ಜನವರಿಯ ಹೊಸ ಅಧಿಸೂಚನೆ ಮತ್ತೊಂದು ಗಣಿತ ಹೇಳಿತು: ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಬದುಕುವ ಹಳ್ಳಿಯಾದರೆ 50 ಮೀಟರ್ ಬಿಟ್ಟರೆ ಸಾಕು. ಮೀನುಗಾರರು ಮೈಗೆ ಮೈ ಒತ್ತಿ ಬದುಕಿದ್ದೇ ತಪ್ಪಾಯಿತು. ಅವರ ತಲೆ ಎಣಿಸಿ ರಿಸಾರ್ಟಿಗೆ ದಾರಿ ಬಿಟ್ಟರು. ಇನ್ನು ಪ್ರವಾಸಿಗರ "ತಾತ್ಕಾಲಿಕ" ಸೌಕರ್ಯಗಳಿಗೆ ಹತ್ತೇ ಮೀಟರ್. 500, 200, 50, 10. ಬೇರೆ ಹರಾಜುಗಳಲ್ಲಿ ಕೂಗು ಏರುತ್ತದೆ. ಕಡಲಿನ ಹರಾಜಿನಲ್ಲಿ ಇಳಿಯುತ್ತಲೇ ಬಂತು.

ಇದು ದಿಲ್ಲಿಯ ಗೆರೆ. ಪಣಜಿಯಲ್ಲಿ ಇನ್ನೊಂದಿದೆ, ಅದು ಬಣ್ಣದ ಗೆರೆ. ಗೋವಾದಲ್ಲಿ ಇಡೀ ರಾಜ್ಯಕ್ಕೆ ಪ್ರಾದೇಶಿಕ ಯೋಜನೆ ಎಂಬ ಒಂದೇ ನಕ್ಷೆ. ಗದ್ದೆ, ಗೋಡಂಬಿ ತೋಟ, ಕಟ್ಟಬಾರದ ಗುಡ್ಡದ ಇಳಿಜಾರು, ಜನವಸತಿ ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಬಣ್ಣ. ನೆಲದ ಬೆಲೆ ಹೇಳುವುದು ಮಣ್ಣಲ್ಲ, ಆ ಬಣ್ಣ. ಇಂದು ಗದ್ದೆಯ ಬಣ್ಣದಲ್ಲಿರುವ ಜಾಗವನ್ನು ಗದ್ದೆಯ ಬೆಲೆಗೆ ಕೊಂಡು, ನಾಳೆ ಅದಕ್ಕೆ ವಸತಿಯ ಬಣ್ಣ ಬಳಿಸಿದರೆ ಒಂದು ಇಟ್ಟಿಗೆ ಇಡುವ ಮೊದಲೇ ಬೆಲೆ ಹಲವು ಪಟ್ಟು. ಬೆವರಿಲ್ಲ, ಬಿತ್ತನೆಯಿಲ್ಲ, ಒಂದು ಸಹಿ, ಒಂದು ಮೊಹರು. ಮೊಹರು ಯಾರ ಕೈಯಲ್ಲಿದೆಯೋ ಅವನೇ ಗೋವಾದ ನಿಜವಾದ ಜಮೀನ್ದಾರ. ಸರಕಾರ ರಚನೆಯಾದಾಗಲೆಲ್ಲ ನಗರ ಮತ್ತು ಗ್ರಾಮ ಯೋಜನಾ ಖಾತೆಗೆ ಯಾಕೆ ಅಷ್ಟು ಜಗ್ಗಾಟ ಎಂದು ಕೇಳುವವರಿಗೆ ಉತ್ತರ ಇದೇ.

ಜನ ಸುಮ್ಮನಿರಲಿಲ್ಲ. 2006ರಲ್ಲಿ 'ಪ್ರಾದೇಶಿಕ ಯೋಜನೆ 2011' ಹೊರಬಿದ್ದಾಗ ಕಾಡು, ಗುಡ್ಡ, ಗದ್ದೆಗಳು ರಾತ್ರೋರಾತ್ರಿ ವಸತಿಯ ಬಣ್ಣಕ್ಕೆ ತಿರುಗಿದ್ದನ್ನು ಊರವರು ಸರ್ವೆ ನಂಬರ್ ಹಿಡಿದು ಹುಡುಕಿ ತೆಗೆದರು. ಗೋವಾ ಬಚಾವೋ ಅಭಿಯಾನ ಹುಟ್ಟಿತು, ಪಣಜಿಯ ಆಜಾದ್ ಮೈದಾನ ತುಂಬಿತು. ಚರ್ಚಿನ ಪಾದ್ರಿಯೂ ದೇವಸ್ಥಾನದ ಮಹಾಜನರೂ ಒಂದೇ ಸಾಲಿನಲ್ಲಿ ನಿಂತರು. 2007ರ ಜನವರಿಯಲ್ಲಿ ಮುಖ್ಯಮಂತ್ರಿ ಪ್ರತಾಪಸಿಂಗ್ ರಾಣೆ ಆ ಯೋಜನೆಯನ್ನು ಹಿಂದಕ್ಕೆ ಪಡೆದರು. ಅದೇ ವರ್ಷದ ಕೊನೆಗೆ ವಿಶೇಷ ಆರ್ಥಿಕ ವಲಯಗಳೂ ರದ್ದಾದವು. ಚಾರ್ಲ್ಸ್ ಕೊರಿಯಾ ಅಂಥವರು ಕಾರ್ಯಪಡೆಯಲ್ಲಿ ಕೂತು, ಹಳ್ಳಿ ಹಳ್ಳಿಯ ಮಾತು ಕೇಳಿ 'ಪ್ರಾದೇಶಿಕ ಯೋಜನೆ 2021' ರೂಪಿಸಿದರು. ಇನ್ನು ಗೆರೆ ಗಟ್ಟಿಯಾಯಿತು ಅಂದುಕೊಂಡಿತು ಜನ.

ಹಲ್ಲಿಯ ಬಾಲ ಕತ್ತರಿಸಿದರೆ ಹಲ್ಲಿ ಸಾಯುತ್ತದೆಯೇ? 2018ರಲ್ಲಿ ಯೋಜನಾ ಕಾಯ್ದೆಗೆ 16ಬಿ ಎಂಬ ಕಲಂ ಚಿಗುರಿತು: ಇಡೀ ಯೋಜನೆ ಬದಲಿಸುವುದು ಬೇಡ, ಜಮೀನಿನ ಒಡೆಯ ಅರ್ಜಿ ಹಾಕಿದರೆ ಅವನ ತುಂಡಿನ ಬಣ್ಣ ಬದಲಿಸಿದರಾಯಿತು. ಕೂಗು ಎದ್ದಿತು, ಕೋರ್ಟಿಗೆ ಹೋಯಿತು. 2023ರ ಹೊತ್ತಿಗೆ 17(2) ಬಂತು. ಇದರ ಜಾಣತನಕ್ಕೆ ನಾನು ತಲೆಬಾಗುತ್ತೇನೆ. ಇದು ಬದಲಾವಣೆ ಅನ್ನುವುದಿಲ್ಲ, ತಿದ್ದುಪಡಿ ಅನ್ನುತ್ತದೆ. ಯೋಜನೆ ಮಾಡುವಾಗ "ಕಣ್ತಪ್ಪಿನಿಂದ" ನುಸುಳಿದ ದೋಷ ಸರಿಪಡಿಸುತ್ತೇವೆ ಅನ್ನುತ್ತದೆ. ಅಂದರೆ ಗದ್ದೆ ಗದ್ದೆಯಾಗಿ ಉಳಿದದ್ದು ಕಣ್ತಪ್ಪು! ಗುಡ್ಡದ ಮೇಲೆ ಗೋಡಂಬಿ ಮರ ನಿಂತದ್ದು ಗುಮಾಸ್ತನ ಕೈತಪ್ಪು! ಹೀಗೆ 20 ಲಕ್ಷ ಚದರ ಮೀಟರಿಗೂ ಹೆಚ್ಚು ನೆಲದ "ತಪ್ಪು" ತಿದ್ದಿದರು. ಅಷ್ಟು ತಪ್ಪುಗಳಲ್ಲಿ ಯಾವ ಬಡವನ ಮನೆಯ ತಪ್ಪು ತಿದ್ದಿದಿರಿ, ಸ್ವಾಮಿ?

ಗೋವಾ ಫೌಂಡೇಶನ್, ಗೋವಾ ಬಚಾವೋ ಅಭಿಯಾನದಂಥವರು ಹೈಕೋರ್ಟಿಗೆ ಹೋದರು. 2025ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ 17(2)ರ ನಿಯಮಗಳನ್ನು ತಳ್ಳಿಹಾಕಿತು. ಖುಷಿಪಡೋಣವೆಂದರೆ 39ಎ ಎಂಬ ಇನ್ನೊಂದು ಕಲಂ 2024ರಿಂದಲೇ ಪಕ್ಕದಲ್ಲಿ ಕೂತಿತ್ತು. ಅದೂ ತುಂಡು ನೆಲದ ಬಣ್ಣ ಬದಲಿಸುವುದೇ. ಆಕ್ಷೇಪ ಹೇಳಲು ಜನರಿಗೆ 30 ದಿನ. ಕಡಲಿಗೆ ಹೋಗಿ ಬಂದು, ಬಲೆ ಹೆಣೆದು, ಗೆಜೆಟ್ ಹುಡುಕಿ, ಸರ್ವೆ ನಂಬರ್ ಓದಿ, ಇಂಗ್ಲಿಷಿನಲ್ಲಿ ಆಕ್ಷೇಪ ಬರೆಯಲು 30 ದಿನ. ಬಿಲ್ಡರನ ವಕೀಲನಿಗೆ ಅದೇ ನಿತ್ಯದ ಕಸುಬು.

ಗೋವಾದ ಲೆಕ್ಕ ಸಣ್ಣದು, ಅದಕ್ಕೇ ಅಪಾಯ ದೊಡ್ಡದು. 40 ಶಾಸಕರು, ಸುಮಾರು 11 ಲಕ್ಷ ಮತದಾರರು. ಒಂದು ಕ್ಷೇತ್ರಕ್ಕೆ 30 ಸಾವಿರದ ಒಳಗೆ. ಪಂಚಾಯಿತಿ ವಾರ್ಡಿನಲ್ಲಂತೂ ನೂರರ ಲೆಕ್ಕ. ಒಂದೊಂದು ವಿಲ್ಲಾವನ್ನು ಕೋಟಿಗಳಲ್ಲಿ ಮಾರುವವನಿಗೆ ಅಂಥ ವಾರ್ಡಿನ ಚುನಾವಣೆ ಸಿಮೆಂಟಿನ ಖರ್ಚಿಗಿಂತ ಅಗ್ಗ. ಅವನು ಊರಿಗೆ ಬರುವುದು ಜಗಳಕ್ಕಲ್ಲ, ಜಾತ್ರೆಗೆ ದೇಣಿಗೆ ಕೊಡಲು. ಫುಟ್ಬಾಲ್ ತಂಡಕ್ಕೆ ಜೆರ್ಸಿ, ಚಾಪೆಲ್ಲಿಗೆ ಸುಣ್ಣ, ಗುಡಿಗೆ ಕಲಶ, ಪಂಚನ ಅಳಿಯನಿಗೆ ಮಣ್ಣು ಹೊರುವ ಗುತ್ತಿಗೆ, ಅಣ್ಣನಿಗೆ ಜೆಸಿಬಿ ಬಾಡಿಗೆ, ತಮ್ಮನಿಗೆ ನೀರಿನ ಟ್ಯಾಂಕರ್. ಹೀಗೆ ಹೆಣೆದ ಬಲೆಯಲ್ಲಿ ಲಂಚ ಎಂಬ ಮಾತೇ ಬೇಕಾಗುವುದಿಲ್ಲ.

ಗ್ರಾಮಸಭೆ ಸೇರುತ್ತದೆ. ಗುಡ್ಡ ಕಡಿಯಲು ಬಿಟ್ಟವರು ಯಾರು ಎಂದು ಜನ ಕೇಳುತ್ತಾರೆ. ಯೋಜನಾ ಇಲಾಖೆ ಒಪ್ಪಿದೆ, ನಾವೇನು ಮಾಡೋಣ ಅನ್ನುತ್ತಾನೆ ಸರಪಂಚ. ಪರವಾನಗಿ ಕೊಟ್ಟದ್ದು ಪಂಚಾಯಿತಿಯಲ್ಲವೇ ಅನ್ನುತ್ತದೆ ಇಲಾಖೆ. ಜನ ಠರಾವು ಬರೆಯುತ್ತಾರೆ, ಕೈ ಎತ್ತುತ್ತಾರೆ, ಚಪ್ಪಾಳೆ ಬೀಳುತ್ತದೆ. ಆ ಠರಾವಿಗೆ ಮೇಲಿನವರನ್ನು ಕಟ್ಟಿಹಾಕುವ ಬಲವಿಲ್ಲ. ಸಂವಿಧಾನದ 73ನೇ ತಿದ್ದುಪಡಿ ಹಳ್ಳಿಗೆ ಬಾಯಿ ಕೊಟ್ಟಿತು, ಹಲ್ಲು ಕೊಡಲಿಲ್ಲ. ಒಮ್ಮೊಮ್ಮೆ ಪಂಚಾಯಿತಿಯೇ ಹಲ್ಲು ಕಚ್ಚಿದರೂ ಏನಾಗುತ್ತದೆ? 2025ರ ಡಿಸೆಂಬರಿನಲ್ಲಿ ಅರ್ಪೋರಾದ ನೈಟ್‌ಕ್ಲಬ್ ಒಂದರಲ್ಲಿ ಬೆಂಕಿ ಬಿದ್ದು 25 ಜನ ಸತ್ತರು, ಹೆಚ್ಚಿನವರು ಅಲ್ಲಿ ದುಡಿಯಲು ಬಂದವರು. ಆ ಕಟ್ಟಡ ಕೆಡವಲು ಪಂಚಾಯಿತಿ ಕೊಟ್ಟ ಆದೇಶಕ್ಕೆ ಮೇಲಿನ ಕಚೇರಿ ತಡೆ ಕೊಟ್ಟಿತ್ತು. ತಡೆಯಾಜ್ಞೆ ಎಂಬ ಆ ಕಾಗದ ಸುಡಲಿಲ್ಲ. ಸುಟ್ಟವರು ದುಡಿಯುವವರು.

ಶಾಸಕರ ಕತೆಯನ್ನೂ ಕೇಳಿಬಿಡಿ. 2019ರ ಜುಲೈಯಲ್ಲಿ ಕಾಂಗ್ರೆಸ್ಸಿನ 15 ಶಾಸಕರಲ್ಲಿ ಹತ್ತು ಮಂದಿ ಬಿಜೆಪಿಗೆ ಹೋದರು. ಬುದ್ಧಿ ಕಲಿತ ಪಕ್ಷ 2022ರ ಚುನಾವಣೆಗೆ ಮೊದಲು ಅಭ್ಯರ್ಥಿಗಳನ್ನು ಗುಡಿಗೆ, ಇಗರ್ಜಿಗೆ, ದರ್ಗಾಕ್ಕೆ ಕರೆದೊಯ್ದು ಪಕ್ಷ ಬಿಡುವುದಿಲ್ಲವೆಂದು ಆಣೆ ಹಾಕಿಸಿತು. ಗೆದ್ದ 11ರಲ್ಲಿ 8 ಮಂದಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಗಿದರು. ಮೂರೂ ಧರ್ಮದ ದೇವರುಗಳಿಗೆ ಏಕಕಾಲಕ್ಕೆ ಕೈಕೊಟ್ಟ ಸರ್ವಧರ್ಮ ಸಮಭಾವ ಇನ್ನೆಲ್ಲಿದೆ! ಶಾಸಕನ ಬಣ್ಣ ಇಷ್ಟು ಸಲೀಸಾಗಿ ಬದಲಾಗುವ ನಾಡಿನಲ್ಲಿ ಗದ್ದೆಯ ಬಣ್ಣ ಉಳಿಯಲಿ ಅಂದರೆ ಹೇಗೆ ಉಳಿದೀತು?

ಈಗ ನನ್ನ ಎದೆಯ ಮಾತಿಗೆ ಬರುತ್ತೇನೆ.

ವಾಸ್ಕೋದ ಬೈನಾ ಕಡಲತೀರ. 2004ರ ಜೂನ್, ಮಳೆ ಸುರಿಯುವ ತಿಂಗಳು. ಕೋರ್ಟಿನ ಆದೇಶ ಹಿಡಿದು ಬುಲ್ಡೋಜರ್ ಬಂತು. ಅಲ್ಲಿದ್ದವರಲ್ಲಿ ಬಹಳ ಮಂದಿ ನಮ್ಮ ಕರ್ನಾಟಕದ, ಆಂಧ್ರದ ಬಡವರು. ಮೈ ಮಾರಿ ಬದುಕಿದ ಹೆಣ್ಣುಮಕ್ಕಳು, ಅವರ ಕೂಸುಗಳು, ಪಕ್ಕದ ಗುಡಿಸಿಲಿನ ಕೂಲಿಗಳು. ಸೂಳೆಗೇರಿ ಅಳಿಸಿದೆವೆಂದು ಸರಕಾರ ಎದೆ ತಟ್ಟಿಕೊಂಡಿತು. 2015ರಲ್ಲಿ ಮತ್ತೆ ಬಂತು, 2017ರಲ್ಲಿ ಮತ್ತೆ ಬಂತು. ಕಡಲಿಗೆ ತೀರಾ ಹತ್ತಿರ ಕಟ್ಟಿದ್ದೀರಿ, ಅಕ್ರಮ ಅಂದರು. ಕನ್ನಡದವರ ಮನೆಗಳು ಉರುಳಿದವು. ಬೆಂಗಳೂರಿನಲ್ಲಿ ಎರಡು ದಿನ ಹೇಳಿಕೆ ಬಂತು, ಮೂರನೇ ದಿನ ಮರೆತುಹೋಯಿತು.

ಅಕ್ರಮವಾಗಿದ್ದರೆ ಅಕ್ರಮವೇ ಸರಿ. ನಾನು ಕೇಳುವುದು ಇಷ್ಟೇ: ಬೈನಾದ ತಗಡಿಗೆ ಕಾಣಿಸಿದ ಉಬ್ಬರದ ಗೆರೆ ಕಲಂಗುಟ್, ಅಂಜುಣಾ, ಮೊರ್ಜಿಯ ಗಾಜಿನ ಮಹಲಿಗೆ ಯಾಕೆ ಕಾಣಿಸುವುದಿಲ್ಲ? ಅಲ್ಲಿ ನೋಟಿಸು ಹೋಗುತ್ತದೆ, ವಿಚಾರಣೆ ನಡೆಯುತ್ತದೆ, ತಡೆ ಸಿಗುತ್ತದೆ, ದಂಡ ಕಟ್ಟಿದರೆ ಸಕ್ರಮವಾಗುತ್ತದೆ. ಮೊರ್ಜಿಯ ಮರಳಿನಲ್ಲಿ ಮೊಟ್ಟೆ ಇಡಲು ಬರುವ ಕಡಲಾಮೆಗೆ ಕೂಡ ದಂಡ ಕಟ್ಟುವ ಸೌಕರ್ಯವಿಲ್ಲ, ನಮ್ಮವರಿಗೆಲ್ಲಿಂದ ಬರಬೇಕು? ಕಲಂಗುಟ್‌ನಲ್ಲಿ ಮಣಿಸರ ಮಾರುವ ಲಮಾಣಿ ಹೆಣ್ಣುಮಗಳನ್ನು ಪೊಲೀಸರು ಅಟ್ಟಿಕೊಂಡು ಓಡಿಸುತ್ತಾರೆ. ಅವಳು ಕೂತರೆ ಅತಿಕ್ರಮಣ, ಅವಳ ಹಿಂದಿನ ಗೋಡೆ ಕೂತರೆ ಅಭಿವೃದ್ಧಿ.

ಗೋವಾದಲ್ಲಿ ನಮ್ಮವರಿಗೆ ಒಂದು ಹೆಸರಿದೆ, ಘಾಂಟಿ. ಘಟ್ಟದ ಮೇಲಿಂದ ಬಂದವನು ಎಂಬ ಮಾತು ಬೈಗುಳವಾಗಿ ಬೆಳೆದಿದೆ. ಹೊರಗಿನವನು, ಭಾಯ್ಲೊ, ನಮ್ಮ ಗೋವಾ ನುಂಗಿದ ಎಂಬ ಸಿಟ್ಟು ಪ್ರತಿ ಚುನಾವಣೆಯಲ್ಲೂ ಹೊತ್ತಿಕೊಳ್ಳುತ್ತದೆ. ಗೋವಾದ ಅಣ್ಣತಮ್ಮಂದಿರೇ, ನಿಮ್ಮ ಸಿಟ್ಟು ನ್ಯಾಯದ್ದು, ವಿಳಾಸ ತಪ್ಪಿದೆ. ಊರೊಟ್ಟಿಗೆ ಸೇರಿದ ನಿಮ್ಮ ಗಾಂವ್ಕಾರಿಯ ನೆಲ, ಕಟ್ಟೆ ಕಟ್ಟಿ ಉಪ್ಪುನೀರು ತಡೆದ ನಿಮ್ಮ ಖಾಜನ್ ಗದ್ದೆ ಕೊಂಡವನು ಬಾಗಲಕೋಟೆಯ ಕೂಲಿಯಲ್ಲ. ಅವನಿಗೆ ಅಲ್ಲಿ ಆರು ಅಡಿ ತಗಡಿನ ಶೆಡ್ಡು, ಅದೂ ಕಟ್ಟಡ ಮುಗಿಯುವ ತನಕ. ನಿಜವಾದ ಭಾಯ್ಲೊ ಮೋಪಾ ವಿಮಾನ ನಿಲ್ದಾಣದಲ್ಲಿ ಇಳಿದು, ವರ್ಷಕ್ಕೆ ಎರಡು ವಾರ ಇದ್ದು, ಉಳಿದ ಐವತ್ತು ವಾರ ಖಾಲಿ ಮನೆಗೆ ಬೀಗ ಹಾಕಿ ಹೋಗುತ್ತಾನೆ. ಅವನನ್ನು ಯಾರೂ ಘಾಂಟಿ ಅನ್ನುವುದಿಲ್ಲ, ಹೂಡಿಕೆದಾರ ಅನ್ನುತ್ತಾರೆ. ಅವನನ್ನು ಕರೆತಂದವನು ನಿಮ್ಮದೇ ಊರಿನ, ನಿಮ್ಮದೇ ಭಾಷೆಯಾಡುವ, ನಿಮ್ಮ ಮನೆ ಮದುವೆಗೆ ಉಡುಗೊರೆ ತರುವ ನಾಯಕ. ನೀವು ನಮ್ಮನ್ನು ಬೈಯುವ ಹೊತ್ತಿನಲ್ಲಿ ಅವನು ನಕ್ಷೆಗೆ ಬಣ್ಣ ಬಳಿಯುತ್ತಿರುತ್ತಾನೆ.

ಕನ್ನಡದ ಓದುಗರೇ, ಇದು ಗೋವಾದ ಕತೆ ಎಂದು ಕಾಲು ಚಾಚಬೇಡಿ. ಕಾರವಾರದಿಂದ ಉಳ್ಳಾಲದ ತನಕ ನಮಗೂ 320 ಕಿಲೋಮೀಟರ್ ಕಡಲಿದೆ. "ಗೋವಾ ನೋಡಿ, ಕೇರಳ ನೋಡಿ, ನಾವು ಹಿಂದೆ ಬಿದ್ದಿದ್ದೇವೆ, ಸಿಆರ್‌ಝಡ್ ಸಡಿಲಿಸಬೇಕು" ಎಂಬ ರಾಗ ಬೆಂಗಳೂರಿನಲ್ಲಿ ಯಾವ ಪಕ್ಷ ಕೂತರೂ ಕೇಳುತ್ತದೆ. ಸರಿ, ಕೇರಳ ನೋಡೋಣ. ಕೊಚ್ಚಿಯ ಮರಡಿನಲ್ಲಿ ಹಿನ್ನೀರಿನ ಅಂಚಿನಲ್ಲಿ ಬಹುಮಹಡಿ ಕಟ್ಟಲು ಪರವಾನಗಿ ಕೊಟ್ಟದ್ದು ಅಂದಿನ ಗ್ರಾಮ ಪಂಚಾಯಿತಿ. ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿಯಲ್ಲಿ ಆ ನಾಲ್ಕು ಸಮುಚ್ಚಯಗಳನ್ನು ಸಿಡಿಸಿ ಉರುಳಿಸಿದ್ದನ್ನು ದೇಶವೇ ಟಿವಿಯಲ್ಲಿ ಕಂಡಿತು. ಮತ್ತೆ ನಮ್ಮ ಮನೆ ನೋಡಿಕೊಳ್ಳೋಣ. 2020ರಲ್ಲೇ ಕರ್ನಾಟಕದ ಸರಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತೊಗೆದು, ರೈತನಲ್ಲದವನೂ ಕೃಷಿಭೂಮಿ ಕೊಳ್ಳಬಹುದು ಅಂದಿತು. ಸರಕಾರ ಬದಲಾಯಿತು, ತೆಗೆದ ಬೀಗ ಮತ್ತೆ ಬೀಳಲಿಲ್ಲ. ಅಂಕೋಲೆಯ ಸೀಮೆಯಲ್ಲಿ ದಿನಕರ ದೇಸಾಯಿ ಗೇಣಿದಾರರನ್ನು ಕಟ್ಟಿಕೊಂಡು ಧಣಿಗಳೆದುರು ನಿಂತದ್ದು ಈ ನೆಲಕ್ಕಾಗಿ. ಇಂದು ಧಣಿ ಬೇರೆ ವೇಷದಲ್ಲಿ, ಮಾರಾಟದ ಪುಸ್ತಿಕೆ ಹಿಡಿದು ಬರುತ್ತಿದ್ದಾನೆ. ಗೋಕರ್ಣದ ಗುಡ್ಡದ ಮೇಲೆ ನಿಂತು ಕೆಳಗೆ ನೋಡಿ, ಗೋವಾ ನಮ್ಮ ಕಡೆಗೆ ಎಷ್ಟು ದೂರ ನಡೆದು ಬಂದಿದೆ ಎಂದು ತಿಳಿಯುತ್ತದೆ.

ನನಗೆ ಪ್ರವಾಸಿಗರ ಮೇಲೆ ಹಗೆಯಿಲ್ಲ. ಗೋಡೆ ಕಟ್ಟುವವರ ಮನೆಯಲ್ಲಿ ಹುಟ್ಟಿದವನಿಗೆ ಕಟ್ಟಡದ ಮೇಲೆ ಹಗೆ ಎಲ್ಲಿಯದು? ಎರಡು ಬೇಡಿಕೆಯಿದೆ. ಊರಿನ ನೆಲದ ಬಣ್ಣ ಬದಲಿಸಬೇಕಾದರೆ ಊರಿನ ಗ್ರಾಮಸಭೆ ಒಪ್ಪಲೇಬೇಕು, ಒಪ್ಪದಿದ್ದರೆ ಮಂತ್ರಿಯ ಮೊಹರು ನಡೆಯಬಾರದು. ಗೆರೆ ಬೈನಾದ ಗುಡಿಸಿಲಿಗೆ ಎಲ್ಲಿ ಬಿತ್ತೋ ಮೊರ್ಜಿಯ ಮಹಲಿಗೂ ಅಲ್ಲೇ ಬೀಳಬೇಕು. ಇದನ್ನು ಕ್ರಾಂತಿ ಅನ್ನುವವರು ಅನ್ನಲಿ. ನಮ್ಮ ಕಸುಬಿನಲ್ಲಿ ಇದಕ್ಕೆ ಮಟ್ಟ ನೋಡುವುದು ಅನ್ನುತ್ತಾರೆ.

ದೊಡ್ಡಪ್ಪ ಊರಿಗೆ ಮರಳಿದಾಗ ಅವನ ಚೀಲದಲ್ಲಿ ಗೋವಾದಿಂದ ತಂದ ಆಸ್ತಿ ಅಂತ ಏನೂ ಇರಲಿಲ್ಲ. ಕರಣಿಯ ಹಿಡಿ ಸವೆದಿತ್ತು. ತಾನು ಕಟ್ಟಿದ ಒಂದು ಮನೆಯೊಳಕ್ಕೂ, ಅದು ಮುಗಿದ ಮೇಲೆ, ಅವನು ಕಾಲಿಟ್ಟಿರಲಿಲ್ಲ. ಗೇಟಿನಲ್ಲಿ ಕಾವಲುಗಾರ ಇರುತ್ತಿದ್ದ. ನೂಲಿನ ಉಂಡೆ ಮಾತ್ರ ಹಾಗೇ ಇತ್ತು. ಅದನ್ನು ನಾನು ಇಟ್ಟುಕೊಂಡಿದ್ದೇನೆ. ವಿಧಾನಸಭೆಗಳ ಮೆಟ್ಟಿಲಿಗೆ ಅದನ್ನು ಒಮ್ಮೆ ಹಿಡಿದು ನೋಡುವ ಆಸೆ, ಯಾವ ಗೋಡೆ ಎಷ್ಟು ವಾಲಿದೆ ಎಂದು.