ಅನುಭವ ಕೇಳುವವರೇ ಅನುಭವ ಕೊಡಬೇಕು

ಬಿ.ಕಾಂ. ಮುಗಿಸಿದ ಯುವಕ ಅಂಗಡಿಯ ಮೆಟ್ಟಿಲೇರಿ ಕೆಲಸ ಕೇಳಿದಾಗ ಎದುರಾಗುವ ಮೊದಲ ಪ್ರಶ್ನೆ: 'ಎಷ್ಟು ವರ್ಷದ ಅನುಭವವಿದೆ?' ಇಲ್ಲವೆಂದರೆ ಕೆಲಸವಿಲ್ಲ. ಕೆಲಸವಿಲ್ಲದೆ ಅನುಭವ ಎಲ್ಲಿಂದ ಬರಬೇಕು? ಈಜು ಕಲಿತ ಮೇಲೆಯೇ ನೀರಿಗಿಳಿಯಬೇಕೆಂಬಂತಿದೆ ಈ ನಿಬಂಧನೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಲೇಜುಗಳಿಂದ ಪದವಿ ಪಡೆದವರಲ್ಲಿ ಅನೇಕರು ಕೊನೆಗೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಇತ್ತ ಅಡಿಕೆ ಮಂಡಿ, ಅಕ್ಕಿ ಗಿರಣಿ, ಹಾಳೆತಟ್ಟೆ ಘಟಕಗಳ ಮಾಲೀಕರು ಲೆಕ್ಕಪತ್ರ ನೋಡಿಕೊಳ್ಳಲು ಜನ ಸಿಗುತ್ತಿಲ್ಲವೆಂದು ದೂರುತ್ತಾರೆ.

ಮಲೆನಾಡಿನ ವ್ಯಾಪಾರ ಪರಂಪರೆ ಹೀಗಿರಲಿಲ್ಲ. ಸಾಗರದ ಗುಡಿಗಾರರ ಮನೆಗಳಲ್ಲಿ ಗಂಧದ ಕೆತ್ತನೆಯನ್ನು ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯಬೇಕಿತ್ತು. ರಾಶಿ, ಬೆಟ್ಟೆ, ಗೊರಬಲುಗಳ ವ್ಯತ್ಯಾಸವನ್ನು ಯಾವ ಪಠ್ಯಪುಸ್ತಕವೂ ಕಲಿಸದು; ಅದು ಮಂಡಿಯಲ್ಲಿ ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿಯೇ ಬರುವ ವಿದ್ಯೆ.

'ಕೆಲಸ ಕಲಿಸಿದರೆ ಆರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ' ಎಂಬುದು ವರ್ತಕರ ಆಕ್ಷೇಪ. ಇದು ನಿರಾಧಾರವಲ್ಲ. ಆದರೆ ಅನುಭವಸ್ಥನೂ ಹೆಚ್ಚಿನ ಸಂಬಳ ಸಿಕ್ಕರೆ ಹೋಗುತ್ತಾನೆ. ಅಲ್ಲದೆ ಆತನಿಗೆ ಕೆಲಸ ಕಲಿಸಿದವನೂ ಮತ್ತೊಬ್ಬ ವರ್ತಕನೇ. ಎಲ್ಲರೂ ಪರರು ಕಲಿಸಲೆಂದು ಕಾದು ಕುಳಿತರೆ ಕಲಿಸುವವರೇ ಉಳಿಯುವುದಿಲ್ಲ.

ಕಾನೂನಿನ ನೆರವೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯಿಂದ ಇಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಅವಕಾಶ ದೊರೆಯಿತು. 2019ರ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳ ನೇಮಕ ಕಡ್ಡಾಯ. ನಾಲ್ಕು ಮಂದಿಯಿರುವ ಸಣ್ಣ ಸಂಸ್ಥೆಯೂ ಇಚ್ಛಿಸಿದರೆ ನೇಮಿಸಿಕೊಳ್ಳಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಉತ್ತೇಜನಾ ಯೋಜನೆಯಡಿ ಶಿಷ್ಯವೇತನದ ಶೇಕಡ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ.

ನಿರುದ್ಯೋಗಿ ಪದವೀಧರರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ ನೀಡುವ ರಾಜ್ಯದ ಯುವನಿಧಿ ಯೋಜನೆಗೆ ಚಾಲನೆ ದೊರೆತದ್ದು ಶಿವಮೊಗ್ಗದಲ್ಲಿಯೇ, 2024ರ ಜನವರಿ 12ರಂದು. ಭತ್ಯೆ ಕೈಖರ್ಚಿಗೆ ಆದೀತು, ಅನುಭವವನ್ನು ತಂದುಕೊಡದು. ಅದನ್ನು ಕೊಡಬಲ್ಲವರು ಉದ್ಯಮಿಗಳು ಮಾತ್ರ.

ಮಾಡಬೇಕಾದದ್ದು ಬಹಳವೇನಿಲ್ಲ. ಅಡಿಕೆ ಸುಗ್ಗಿಯಲ್ಲಿ ಕೆಲಸದ ಒತ್ತಡ ಹೆಚ್ಚುವಾಗ ಪ್ರತಿ ಸಂಸ್ಥೆಯೂ ಒಬ್ಬ ಹೊಸ ಪದವೀಧರನನ್ನಾದರೂ ಗೌರವಯುತ ವೇತನ ಕೊಟ್ಟು ತೆಗೆದುಕೊಳ್ಳಲಿ. ಜಿ.ಎಸ್.ಟಿ. ವಿವರಪಟ್ಟಿ, ದಾಸ್ತಾನು ಲೆಕ್ಕ, ಗ್ರಾಹಕರೊಡನೆ ವ್ಯವಹಾರ ಇವಿಷ್ಟನ್ನು ಕಲಿಸಲಿ. ಅವಧಿ ಮುಗಿದಾಗ ಏನೇನು ಕಲಿತನೆಂಬ ಪ್ರಮಾಣಪತ್ರ ಬರೆದುಕೊಡಲಿ. ಪುಕ್ಕಟೆ ದುಡಿಮೆಗೆ ಮಾತ್ರ ಇದು ನೆಪವಾಗಬಾರದು. ಹೀಗೆ ಕಲಿತವರಲ್ಲಿ ಕೆಲವರು ಹೋದಾರು, ಕೆಲವರು ಉಳಿದಾರು. ಉಳಿದವರೇ ನಾಳೆ ಇಲ್ಲಿನ ಅಂಗಡಿ, ಘಟಕಗಳನ್ನು ನಡೆಸುವವರು.